ದೀಪಮಾಲೆಯೂ ಎಣ್ಣೆಯೂ: ಹಣದ ಕೊರತೆಯ ದಿನಗಳಲ್ಲಿ ಸಾರ್ವಜನಿಕ ಗ್ರಂಥಾಲಯ

(ರಾಷ್ಟ್ರೀಯ ಗ್ರಂಥಾಲಯ ಸಪ್ತಾಹದ ನಿಮಿತ್ತ ಜೇಜುರಿಯಲ್ಲಿ ಕನ್ನಡ ಬಾಂಧವರ ಮುಂದೆ ಮಾಡಿದ ಭಾಷಣದ ಪಠ್ಯ)



ಪುಣೆಯಿಂದ ಸುಮಾರು 50 ಕಿಲೋಮೀಟರು ದೂರದ ಈ ಜೇಜುರಿಗೆ ಬಂದ ಕನ್ನಡಿಗನಿಗೆ ತಾನು ಪರಸ್ಥಳಕ್ಕೆ ಬಂದೆನೆಂದು ಅನ್ನಿಸುವುದಿಲ್ಲ. ನಮ್ಮ ಮೈಲಾರಲಿಂಗನೇ ಇಲ್ಲಿ ಖಂಡೋಬ. ಇಲ್ಲಿಯ ಮೆಟ್ಟಿಲುಗಳ ಮೇಲೆ ಚೆಲ್ಲಿದ ಭಂಡಾರದ ಹಳದಿಯೇ ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿಯೂ ಬೆಳಗಾವಿ ಜಿಲ್ಲೆಯ ಮಂಗಸೂಳಿಯಲ್ಲಿಯೂ ಕಾಣುವುದು. ಮರಾಠಿ ಭಕ್ತರು ಭಂಡಾರವನ್ನು ತೂರುತ್ತ 'ಯೇಳಕೋಟ' ಎಂದು ಘೋಷಿಸುತ್ತಾರೆ. ಅದು ನಮ್ಮ 'ಏಳುಕೋಟಿ'ಯೇ ಎಂಬುದು ಕನ್ನಡ ಬಲ್ಲವನ ಕಿವಿಗೆ ಒಡನೆಯೇ ತಿಳಿಯುತ್ತದೆ. ನಿನ್ನೆ ಸಂಜೆ ಬೆಟ್ಟ ಹತ್ತುವಾಗ ನನ್ನ ಮುಂದೆ ಹೋಗುತ್ತಿದ್ದ ಬಾಲಕನೊಬ್ಬ ತನ್ನ ಅಜ್ಜನನ್ನು, "ಯೇಳಕೋಟ ಅಂದರೆ ಏನು?" ಎಂದು ಮರಾಠಿಯಲ್ಲಿ ಕೇಳಿದ. ಅಜ್ಜ, "ದೇವರ ಹೆಸರು, ಅನ್ನಬೇಕು" ಎಂದರು. ಉತ್ತರ ತಪ್ಪೇನಲ್ಲ. ಆದರೆ ಆ ಬಾಲಕನ ಪ್ರಶ್ನೆಗೆ ಇನ್ನೂ ವಿಸ್ತಾರವಾದ ಉತ್ತರವಿದೆ. ರಾ. ಚಿಂ. ಢೇರೆಯವರು ಮರಾಠಿಯಲ್ಲಿ ಖಂಡೋಬನನ್ನು ಕುರಿತು ಒಂದು ಗ್ರಂಥವನ್ನೇ ರಚಿಸಿದ್ದಾರೆ. ಜರ್ಮನಿಯ ವಿದ್ವಾಂಸ ಗುಂಥರ್ ಸೋಂಥೈಮರ್ ಅವರು ಈ ಬೆಟ್ಟದ ಸುತ್ತಲಿನ ಕುರುಬ, ಧನಗರ ಸಮುದಾಯಗಳ ನಡುವೆ ಅಲೆದು ಅಧ್ಯಯನ ನಡೆಸಿದ್ದಾರೆ. ಹುಡುಗನಿಗೂ ಆ ಪುಸ್ತಕಗಳಿಗೂ ನಡುವೆ ಇರಬೇಕಾದ ಸಂಸ್ಥೆಯೊಂದಿದೆ. ಅದರ ಹೆಸರು ಸಾರ್ವಜನಿಕ ಗ್ರಂಥಾಲಯ. ಇಂದು ಅದರ ಜಮಾ-ಖರ್ಚಿನ ವಿಷಯವಾಗಿ ಕೆಲವು ಮಾತುಗಳನ್ನು ತಮ್ಮ ಮುಂದಿಡಲು ಅಪೇಕ್ಷಿಸುತ್ತೇನೆ. ವಿಷಯ ಶುಷ್ಕವೆಂದು ತೋರಬಹುದು. ಆದರೆ ಗ್ರಂಥಾಲಯಗಳು ಬದುಕುವುದೂ ಸೊರಗುವುದೂ ಇಲ್ಲಿಯೇ.

ದೇವಸ್ಥಾನದ ದಾರಿಯುದ್ದಕ್ಕೂ ನಿಂತಿರುವ ಕಲ್ಲಿನ ದೀಪಮಾಲೆಗಳನ್ನು ತಾವೆಲ್ಲ ನೋಡಿದ್ದೀರಿ. ಹರಕೆ ಹೊತ್ತ ಭಕ್ತರು ಒಂದೊಂದಾಗಿ ಕಟ್ಟಿಸಿಕೊಟ್ಟವು ಅವು. ಕಟ್ಟಿಸಿದವರ ಉದಾರತೆಯನ್ನು ಕಲ್ಲು ಇಂದಿಗೂ ಸಾರುತ್ತಿದೆ. ಆದರೆ ದೀಪಮಾಲೆಯೆಂಬುದು ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ. ವರ್ಷ ವರ್ಷವೂ ಅದಕ್ಕೆ ಎಣ್ಣೆ ಬೇಕು, ಬತ್ತಿ ಬೇಕು, ಹಚ್ಚುವ ಕೈ ಬೇಕು. ಎಣ್ಣೆಗೆ ಹಣ ಕೊಟ್ಟವನ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತುವುದಿಲ್ಲ. ಗ್ರಂಥಾಲಯದ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಶಾಸಕರ ನಿಧಿ ದೊರೆಯುತ್ತದೆ, ಉದ್ಘಾಟನೆಯ ಅಮೃತಶಿಲೆಯೂ ಗೋಡೆಗೆ ಕೂರುತ್ತದೆ. ಆಮೇಲೆ ಬರುವ ವಿದ್ಯುತ್ ಬಿಲ್ಲು, ಗ್ರಂಥಪಾಲನ ಸಂಬಳ, ಪತ್ರಿಕೆಯ ಚಂದಾ, ಹರಿದ ಪುಸ್ತಕದ ರಟ್ಟು, ಇವುಗಳಿಗೆ ಹಣ ಕೊಡುವವರು ಯಾರು? ಆಯವ್ಯಯದ ಭಾಷೆಯಲ್ಲಿ ಇದನ್ನು ಆವರ್ತಕ ವೆಚ್ಚವೆನ್ನುತ್ತಾರೆ. ಕಡಿತದ ಕತ್ತರಿ ಮೊದಲು ಬೀಳುವುದು ಇದರ ಮೇಲೆ.

ವೃತ್ತಿಯಿಂದ ನಾನು ಭಾಷಾಂತರಕಾರ. ಸಚಿವಾಲಯದ ಸುತ್ತೋಲೆಗಳನ್ನು ಕನ್ನಡಿಸುವುದು ನನ್ನ ನಿತ್ಯದ ಕೆಲಸ. ಆದುದರಿಂದ ಒಂದು ಗುಟ್ಟನ್ನು ಹೇಳಬಲ್ಲೆ. 'ಕಡಿತ' ಎಂಬ ಪದ ಸುತ್ತೋಲೆಗಳಲ್ಲಿ ಬರುವುದು ಬಹಳ ಅಪರೂಪ. 'ಮಿತವ್ಯಯ', 'ಮರುಹೊಂದಾಣಿಕೆ', 'ಆದ್ಯತೆಗಳ ಪುನರ್ವಿಮರ್ಶೆ' ಎಂಬಂತಹ ಸೌಮ್ಯ ಪದಗಳನ್ನು ನಾವೇ ಟಂಕಿಸಿದ್ದೇವೆ, ಅವುಗಳ ಪಾಪದಲ್ಲಿ ನನಗೂ ಪಾಲಿದೆ. ಓದುಗನ ಮಟ್ಟಿಗೆ ಅವೆಲ್ಲದರ ಅರ್ಥ ಒಂದೇ: ಈ ತಿಂಗಳಿನಿಂದ ಮೇಜಿನ ಮೇಲೆ ಮಾಸಪತ್ರಿಕೆ ಇಲ್ಲ.

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 12ನೆಯ ಬಾಬಾಗಿ ಗ್ರಂಥಾಲಯಗಳನ್ನು ಸೇರಿಸಲಾಗಿದೆ. ಅರ್ಥಾತ್, ಗ್ರಂಥಾಲಯವನ್ನು ಪೋಷಿಸುವ ಮುಖ್ಯ ಹೊಣೆ ಆಯಾ ರಾಜ್ಯದ್ದು. ಒಂದೊಂದು ರಾಜ್ಯವೂ ತನ್ನದೇ ದಾರಿಯನ್ನು ಹಿಡಿದಿದೆ. ಇಲ್ಲಿ ಸೇರಿರುವ ನಾವು ಎರಡು ರಾಜ್ಯಗಳ ಜನರಾದುದರಿಂದ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ಪ್ರಯೋಜನಕರ.

ಮಹಾರಾಷ್ಟ್ರದ ದಾರಿ ಹಳೆಯದು, ಜನರೇ ತುಳಿದು ಮಾಡಿದ್ದು. ಪುಣೆಯ ನಗರ ವಾಚನ ಮಂದಿರದ ಮೂಲ 1848ರಷ್ಟು ಹಿಂದಕ್ಕೆ ಹೋಗುತ್ತದೆ. ಊರಿನ ವಕೀಲರು, ಮಾಸ್ತರರು, ವ್ಯಾಪಾರಿಗಳು ಕೂಡಿ ಚಂದಾ ಎತ್ತಿ ವಾಚನಾಲಯ ತೆರೆಯುವುದು ಈ ನಾಡಿನ ರೂಢಿ. 1967ರಲ್ಲಿ ರಾಜ್ಯವು ಸಾರ್ವಜನಿಕ ಗ್ರಂಥಾಲಯ ಅಧಿನಿಯಮವನ್ನು ಜಾರಿಗೆ ತಂದಾಗ ಈ ರೂಢಿಯನ್ನು ಹಾಗೆಯೇ ಉಳಿಸಿಕೊಂಡಿತು. ಗ್ರಂಥಾಲಯವನ್ನು ಊರಿನ ಸಂಸ್ಥೆಯೇ ನಡೆಸತಕ್ಕದ್ದು. ಸರಕಾರ ಅದಕ್ಕೆ ಮಾನ್ಯತೆ ಕೊಟ್ಟು, ಅ, ಬ, ಕ, ಡ ಎಂದು ನಾಲ್ಕು ವರ್ಗಗಳಲ್ಲಿ ವಿಂಗಡಿಸಿ, ವರ್ಗಾನುಸಾರ ಅನುದಾನ ನೀಡತಕ್ಕದ್ದು. ಗ್ರಂಥಾಲಯಕ್ಕೆಂದು ಪ್ರತ್ಯೇಕ ತೆರಿಗೆಯನ್ನು ಈ ಕಾಯಿದೆ ವಿಧಿಸಲಿಲ್ಲ. ಹೀಗೆ ಮಾನ್ಯತೆ ಪಡೆದ ಗ್ರಂಥಾಲಯಗಳ ಸಂಖ್ಯೆ 11 ಸಾವಿರಕ್ಕೂ ಮಿಕ್ಕಿದೆ ಎಂದರೆ ಜನರ ಉತ್ಸಾಹವನ್ನು ಊಹಿಸಬಹುದು.

ಈ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಒಂದೇ ಕಡೆ ಇವೆ. ಊರಿನವರ ಕೈಯಲ್ಲಿ ಇರುವುದರಿಂದ ಅದು ಊರಿನದಾಗಿ ಉಳಿಯಿತು. ತೆರಿಗೆಯ ಆಧಾರವಿಲ್ಲದಿರುವುದರಿಂದ ಪ್ರತಿ ವರ್ಷವೂ ಆಯವ್ಯಯದ ಕಡೆಗೆ ಕತ್ತೆತ್ತಿ ನೋಡಬೇಕಾಯಿತು. 2012ರ ಪರಿಷ್ಕರಣೆಯ ನಂತರ ಡ ವರ್ಗದ ಗ್ರಂಥಾಲಯಕ್ಕೆ ನಿಗದಿಯಾದ ಅನುದಾನ ವರ್ಷಕ್ಕೆ 30,000 ರೂಪಾಯಿ. ಮುಂದಿನ ಹತ್ತು ವರ್ಷ ಈ ಅಂಕಿ ಕದಲಲಿಲ್ಲ. ಕಾಗದದ ಬೆಲೆ ಏರಿತು, ಪತ್ರಿಕೆಯ ಬೆಲೆ ಏರಿತು, ಬಾಡಿಗೆ ಏರಿತು, 30,000 ಮಾತ್ರ 30,000ವಾಗಿಯೇ ಇತ್ತು. ಬಂಧುಗಳೇ, ಅನುದಾನವನ್ನು ಕಡಿಯಬೇಕಾದರೆ ಆದೇಶ ಹೊರಡಿಸಬೇಕೆಂದೇನೂ ಇಲ್ಲ. ಇದ್ದಂತೆಯೇ ಬಿಟ್ಟರೆ ಸಾಕು, ಬೆಲೆಯೇರಿಕೆ ಆ ಕೆಲಸವನ್ನು ಮಾಡಿ ಮುಗಿಸುತ್ತದೆ. 2022ರಲ್ಲಿ ಅನುದಾನವನ್ನು ಶೇಕಡಾ 60ರಷ್ಟು ಹೆಚ್ಚಿಸಲು ಸರಕಾರ ತೀರ್ಮಾನಿಸಿತು. ಡ ವರ್ಗಕ್ಕೆ ಅದು 48,000 ರೂಪಾಯಿ ಆಗುತ್ತದೆ. ಸ್ವಾಗತಾರ್ಹವೇ. ಆದರೂ ತಿಂಗಳಿಗೆ ಭಾಗಿಸಿ ನೋಡಿ: 4,000 ರೂಪಾಯಿ. ಇದರಲ್ಲಿಯೇ ಗ್ರಂಥಪಾಲನಿಗೆ ಸಂಬಳ, ಇದರಲ್ಲಿಯೇ ಪುಸ್ತಕ, ಇದರಲ್ಲಿಯೇ ದೀಪ.

ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಹಳ್ಳಿಗಳಿಂದ ಬಂದವರು ಈ ಲೆಕ್ಕವನ್ನು ಇನ್ನೊಂದು ಮಗ್ಗುಲಿನಿಂದ ನೋಡಬೇಕು. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ಮಕ್ಕಳು ಕನ್ನಡ ಓದುತ್ತಾರೆ. ಪುಸ್ತಕ ಖರೀದಿಯ ಹಣ ಅಲ್ಪವಾದಾಗ ಸಮಿತಿಯವರು ಮೊದಲು ಕೊಳ್ಳುವುದು ಬಹುಸಂಖ್ಯಾತ ಓದುಗರ ಭಾಷೆಯ ಪುಸ್ತಕವನ್ನು. ಅದು ಅನ್ಯಾಯವೆಂದು ನಾನು ಹೇಳಲಾರೆ, ಅವರ ಸ್ಥಾನದಲ್ಲಿ ನಾನಿದ್ದರೂ ಬಹುಶಃ ಹಾಗೆಯೇ ಮಾಡುತ್ತಿದ್ದೆ. ಆದರೆ ಕಪಾಟಿನಲ್ಲಿ ಎರಡನೆಯ ಭಾಷೆಗೆ ಇದ್ದ ಒಂದು ಸಾಲು ಮೊದಲು ಹಳೆಯದಾಗುತ್ತದೆ, ಆಮೇಲೆ ಇಲ್ಲವಾಗುತ್ತದೆ. ಬಡತನದಲ್ಲಿ ಮನೆಯ ಚಿಕ್ಕ ಮಗುವಿನ ತಟ್ಟೆಯೇ ಮೊದಲು ಬರಿದಾಗುವಂತೆ.

ಇನ್ನು ಕರ್ನಾಟಕದ ದಾರಿ. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಡಾ. ಎಸ್. ಆರ್. ರಂಗನಾಥನ್ ಅವರು ತಮ್ಮ ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಅಲ್ಲಿ 1962ರಲ್ಲಿ ದಸ್ತಾವೇಜು ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಗ್ರಂಥಾಲಯವನ್ನು ಅವರು ಬೆಳೆಯುವ ದೇಹಕ್ಕೆ ಹೋಲಿಸುತ್ತಿದ್ದರು. ಬೆಳೆಯುವ ದೇಹಕ್ಕೆ ಭಿಕ್ಷಾನ್ನ ಸಾಲದು, ಕಾನೂನಿನಿಂದ ಕಟ್ಟಿಕೊಟ್ಟ ಆದಾಯ ಬೇಕು ಎಂಬುದು ಅವರ ದೃಢ ನಿಲುವು. 1965ರ ಕರ್ನಾಟಕದ ಗ್ರಂಥಾಲಯ ಕಾಯಿದೆಯಲ್ಲಿ ಈ ವಿಚಾರದ ಪ್ರಭಾವ ಸ್ಪಷ್ಟವಾಗಿದೆ. ಸ್ಥಳೀಯ ಸಂಸ್ಥೆಗಳು ವಸೂಲು ಮಾಡುವ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಉಪಕರವನ್ನೂ ವಸೂಲು ಮಾಡಿ ಗ್ರಂಥಾಲಯಕ್ಕೆ ಸಲ್ಲಿಸತಕ್ಕದ್ದು. ಈಗ ಅದರ ದರ ಶೇಕಡಾ 6. ಅಂದರೆ, 1,000 ರೂಪಾಯಿ ಆಸ್ತಿ ತೆರಿಗೆ ಕಟ್ಟುವ ಮನೆಯವನು ಗ್ರಂಥಾಲಯಕ್ಕೆಂದು 60 ರೂಪಾಯಿ ಬೇರೆಯಾಗಿ ಕಟ್ಟುತ್ತಾನೆ. ನಮ್ಮಲ್ಲಿ ಅನೇಕರಿಗೆ ತಾವು ಈ ಹಣ ಕಟ್ಟುತ್ತಿರುವುದೇ ತಿಳಿದಿಲ್ಲ.

ಇದು ಹೊಸ ಕಲ್ಪನೆಯೇನಲ್ಲ. ಇಂಗ್ಲೆಂಡಿನಲ್ಲಿ 1850ರ ಕಾಯಿದೆಯು ಪೌಂಡಿಗೆ ಅರ್ಧ ಪೆನ್ನಿಯಷ್ಟು ಗ್ರಂಥಾಲಯ ಕರವನ್ನು ಹಾಕಲು ಪಟ್ಟಣಗಳಿಗೆ ಅವಕಾಶ ಕೊಟ್ಟಿತು. ಕೇರಳದ 1989ರ ಕಾಯಿದೆಯಲ್ಲಿಯೂ ಶೇಕಡಾ 5ರ ಉಪಕರವಿದೆ. ಕಾಸರಗೋಡಿನ ಕನ್ನಡಿಗರು ನಡೆಸುವ ವಾಚನಾಲಯಗಳೂ ಅದೇ ಕಾಯಿದೆಯ ನೆರಳಿನಲ್ಲಿವೆ.

ಹಾಗಾದರೆ ಕರ್ನಾಟಕದ ಗ್ರಂಥಾಲಯಗಳಿಗೆ ಕೊರತೆಯೇ ಇರಬಾರದಲ್ಲವೆ? ಇಲ್ಲಿಯೇ ಎರಡನೆಯ ಪಾಠವಿದೆ. ಉಪಕರವನ್ನು ವಸೂಲು ಮಾಡುವ ಕೈ ಬೇರೆ, ಖರ್ಚು ಮಾಡುವ ಕೈ ಬೇರೆ. ವಸೂಲಾದ ಹಣ ಮೊದಲು ನಗರಸಭೆಯ, ಪಾಲಿಕೆಯ ಖಜಾನೆಗೆ ಬೀಳುತ್ತದೆ. ಅಲ್ಲಿಂದ ಗ್ರಂಥಾಲಯ ಪ್ರಾಧಿಕಾರಕ್ಕೆ ಹೋಗಬೇಕು. ಪಾಲಿಕೆಗೂ ತನ್ನದೇ ಕಷ್ಟಗಳಿರುತ್ತವೆ: ರಸ್ತೆ ಕಿತ್ತುಹೋಗಿರುತ್ತದೆ, ಕಸ ಸಾಗಿಸುವ ಗುತ್ತಿಗೆದಾರ ಬಾಗಿಲಲ್ಲಿ ನಿಂತಿರುತ್ತಾನೆ. ಗ್ರಂಥಾಲಯ ಬಾಗಿಲಲ್ಲಿ ನಿಂತು ಕೂಗುವುದಿಲ್ಲ. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಂದೇ ನೂರಾರು ಕೋಟಿ ರೂಪಾಯಿಗಳ ಗ್ರಂಥಾಲಯ ಉಪಕರವನ್ನು ಬಾಕಿ ಉಳಿಸಿಕೊಂಡಿದ್ದ ಸಂಗತಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಚರ್ಚೆಗೆ ಬಂದಿದೆ. ಇದನ್ನು ಕಡಿತವೆಂದು ಯಾರೂ ಕರೆಯಲಿಲ್ಲ. ಜನ ಗ್ರಂಥಾಲಯಕ್ಕೆಂದು ಕಟ್ಟಿದ ಹಣ ಗ್ರಂಥಾಲಯಕ್ಕೆ ತಲುಪಲಿಲ್ಲ, ಅಷ್ಟೇ.

ಈ ಎರಡು ದಾರಿಗಳ ಮೇಲೆ ಕೇಂದ್ರದ ನೆರವೂ ಒಂದಿದೆ. 1972ರಲ್ಲಿ, ರಾಜಾ ರಾಮಮೋಹನ ರಾಯರ ಜನ್ಮದ್ವಿಶತಾಬ್ದಿಯ ವರ್ಷದಲ್ಲಿ, ಕಲ್ಕತ್ತೆಯಲ್ಲಿ ಅವರ ಹೆಸರಿನ ಗ್ರಂಥಾಲಯ ಪ್ರತಿಷ್ಠಾನವನ್ನು ಸ್ಥಾಪಿಸಲಾಯಿತು. ಹಳ್ಳಿಯ ಗ್ರಂಥಾಲಯದ ಪುಸ್ತಕದ ಮೇಲೆ ಪ್ರತಿಷ್ಠಾನದ ಮೊಹರನ್ನು ತಾವು ಕಂಡಿರಬಹುದು. ಅದರ ಒಂದು ಮುಖ್ಯ ಯೋಜನೆ ಸರಿಹೊಂದಿಕೆಯದು: ರಾಜ್ಯ ತನ್ನ ಪಾಲನ್ನು ಕೊಟ್ಟರೆ, ಅದಕ್ಕೆ ಅನುಗುಣವಾಗಿ ಪ್ರತಿಷ್ಠಾನವೂ ತನ್ನ ಪಾಲನ್ನು ಸೇರಿಸುತ್ತದೆ. ಇದರ ಪರಿಣಾಮವನ್ನು ಸ್ವಲ್ಪ ಯೋಚಿಸಿ. ರಾಜ್ಯವು ತನ್ನ ಪಾಲಿನಲ್ಲಿ ಒಂದು ರೂಪಾಯಿ ಕಡಿಮೆ ಮಾಡಿದರೆ ಗ್ರಂಥಾಲಯಕ್ಕೆ ತಪ್ಪುವುದು ಒಂದು ರೂಪಾಯಿ ಮಾತ್ರವಲ್ಲ, ಅದರೊಂದಿಗೆ ಬರಬೇಕಾಗಿದ್ದ ಕೇಂದ್ರದ ಪಾಲೂ ತಪ್ಪುತ್ತದೆ. ಒಂದು ರೂಪಾಯಿ ಉಳಿಸಿದೆವೆಂದು ರಾಜ್ಯದ ಹಣಕಾಸು ಇಲಾಖೆ ಬರೆದುಕೊಳ್ಳುವ ದಿನವೇ ಓದುಗನಿಗೆ ಅದಕ್ಕಿಂತ ಹೆಚ್ಚಿನ ನಷ್ಟವಾಗಿರುತ್ತದೆ. ಈ ಗುಣಾಕಾರವನ್ನು ಬಲ್ಲವರು ಕಡಿಮೆ. ಆದುದರಿಂದಲೇ ಇದನ್ನು ಸ್ವಲ್ಪ ಒತ್ತಿ ಹೇಳುತ್ತಿದ್ದೇನೆ.

ಹಣ ಕಡಿಮೆಯಾದ ಗ್ರಂಥಾಲಯದಲ್ಲಿ ಯಾವುದು ಮೊದಲು ಹೋಗುತ್ತದೆ? ಹೊಸ ಪುಸ್ತಕ ಮೊದಲು ಹೋಗುತ್ತದೆ, ಏಕೆಂದರೆ ಬಾರದ ಪುಸ್ತಕವನ್ನು ಯಾರೂ ಕೇಳುವುದಿಲ್ಲ. ಆಮೇಲೆ ನಿಯತಕಾಲಿಕಗಳು. ಆಮೇಲೆ ರಟ್ಟು ಕಟ್ಟಿಸುವ ಕೆಲಸ. ಕೊನೆಗೆ ಬಾಗಿಲು ತೆರೆದಿರುವ ಹೊತ್ತು. ಈ ಕ್ರಮ ಅನಿವಾರ್ಯವೆಂದು ಎಲ್ಲರೂ ಒಪ್ಪಿಕೊಂಡಂತಿದೆ. ನನ್ನ ಅನಿಸಿಕೆಯಲ್ಲಿ ಬಾಗಿಲಿನ ಹೊತ್ತೇ ಎಲ್ಲಕ್ಕಿಂತ ಅಮೂಲ್ಯವಾದುದು. ಹಗಲೆಲ್ಲ ದುಡಿಯುವವನಿಗೆ ಸಂಜೆ ಆರರಿಂದ ಎಂಟರ ತನಕ ತೆರೆದಿರದ ಗ್ರಂಥಾಲಯ ಎಷ್ಟು ಸಮೃದ್ಧವಾಗಿದ್ದರೂ ಮುಚ್ಚಿದಂತೆಯೇ ಸರಿ. ಈ ಜೇಜುರಿಯ ಕೈಗಾರಿಕಾ ವಸಾಹತಿನಲ್ಲಿ ಪಾಳಿಯ ಮೇಲೆ ದುಡಿಯುವ ತರುಣನ ಮಾತೂ ಅದೇ, ಹೂವು-ಭಂಡಾರ ಮಾರುವ ಅಂಗಡಿಯವನ ಮಗಳ ಮಾತೂ ಅದೇ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಇಲ್ಲದಿರುವುದು ಪುಸ್ತಕವಲ್ಲ, ಕುಳಿತುಕೊಳ್ಳುವ ಒಂದು ಮೂಲೆ.

ನನ್ನ ಬಾಲ್ಯದ ಒಂದು ಸಂಗತಿ ನೆನಪಾಗುತ್ತದೆ. ಊರಿನ ಹೆಸರು ಇಲ್ಲಿ ಬೇಡ. ನಮ್ಮ ಶಾಖಾ ಗ್ರಂಥಾಲಯಕ್ಕೆ ಒಂದು ವರ್ಷ ಪತ್ರಿಕೆಗಳ ಹಣ ಬರಲಿಲ್ಲ. ಗ್ರಂಥಪಾಲಕರು ಮೂರು ತಿಂಗಳು ಉದ್ರಿಯಲ್ಲಿ ನಡೆಸಿದರು, ನಾಲ್ಕನೆಯ ತಿಂಗಳು ಏಜೆಂಟರು ಕೈಯೆತ್ತಿದರು. ಆಗ ಎದುರಿನ ಕ್ಷೌರದ ಅಂಗಡಿಯವರು, ತಮ್ಮ ಅಂಗಡಿಗೆ ತರಿಸುತ್ತಿದ್ದ ಪತ್ರಿಕೆಯನ್ನು ಬೆಳಿಗ್ಗೆ ಹತ್ತಕ್ಕೆ ಗ್ರಂಥಾಲಯದ ಮೇಜಿಗೆ ತಂದಿಡತೊಡಗಿದರು. ಅವರನ್ನು ನೋಡಿ ಹೋಟೆಲಿನವರು ಇನ್ನೊಂದನ್ನು ಕಳಿಸಿದರು. ಹಾಲಿನ ಡೇರಿಯ ಕಾರ್ಯದರ್ಶಿ ವಾರಪತ್ರಿಕೆಯೊಂದನ್ನು ವಹಿಸಿಕೊಂಡರು. ಚಹಾದ ಕಲೆಯಿರುತ್ತಿತ್ತು, ಕೆಲವು ದಿನ ಸಿನಿಮಾದ ಪುಟ ಇರುತ್ತಿರಲಿಲ್ಲ. ಆದರೂ ಆ ವರ್ಷ ಮೇಜು ಬರಿದಾಗಲಿಲ್ಲ. ನಾನು ಕನ್ನಡದ ವಾರಪತ್ರಿಕೆಯ ಕಥೆಗಳನ್ನು ಓದುವ ಚಟ ಹಿಡಿಸಿಕೊಂಡದ್ದು ಆ ಕಲೆಬಿದ್ದ ಪುಟಗಳಿಂದಲೇ, ಮುಂದೆ ಎಂ.ಎ.ಗೆ ಕನ್ನಡವನ್ನು ಆರಿಸಿಕೊಂಡದ್ದಕ್ಕೂ ಅದೇ ಕಾರಣವಿದ್ದೀತು.

ಈ ಕಥೆಯನ್ನು ಹೇಳಿ ಮುಗಿಸಿದರೆ ತಾವು ಚಪ್ಪಾಳೆ ತಟ್ಟುತ್ತೀರಿ. ಆದರೆ ಅದರ ಉತ್ತರಾರ್ಧವನ್ನೂ ಹೇಳಬೇಕು. ಮರುವರ್ಷ ತಪಾಸಣೆಗೆ ಬಂದ ಅಧಿಕಾರಿಗಳು ಮೇಜಿನ ಮೇಲೆ ಪತ್ರಿಕೆಗಳನ್ನು ಕಂಡು, "ನಡೆಯುತ್ತಿದೆಯಲ್ಲ!" ಎಂದರು. ಹಣ ಮತ್ತೂ ಒಂದು ವರ್ಷ ತಡವಾಯಿತು. ಜನರ ಔದಾರ್ಯವು ಎಷ್ಟೋ ಸಲ ಕಡಿತಕ್ಕೆ ನೆಪವಾಗುತ್ತದೆ. ಇಂಗ್ಲೆಂಡಿನಲ್ಲಿ 2010ರ ನಂತರದ ದಶಕದಲ್ಲಿ ಸರಕಾರಿ ವೆಚ್ಚ ಕುಗ್ಗಿದಾಗ ಬ್ರಿಟನ್ನಿನಾದ್ಯಂತ 700ಕ್ಕೂ ಹೆಚ್ಚು ಗ್ರಂಥಾಲಯಗಳು ಮುಚ್ಚಿದವು. ಇನ್ನೂ ಅನೇಕವನ್ನು ಊರಿನ ಸ್ವಯಂಸೇವಕರ ಕೈಗೆ ಒಪ್ಪಿಸಲಾಯಿತು. ಸ್ವಯಂಸೇವಕರು ಬಾಗಿಲು ತೆರೆಯಬಲ್ಲರು. ತರಬೇತಿ ಪಡೆದ ಗ್ರಂಥಪಾಲಕನ ಸ್ಥಾನವನ್ನು ಅವರು ತುಂಬಬಲ್ಲರೆಂದು ನಂಬುವುದು ಅವರಿಗೂ ಗ್ರಂಥಾಲಯಕ್ಕೂ ಮಾಡುವ ಅನ್ಯಾಯ. ಕ್ಷೌರದ ಅಂಗಡಿಯವರ ಪತ್ರಿಕೆಯನ್ನು ಕೃತಜ್ಞತೆಯಿಂದ ಸ್ವೀಕರಿಸೋಣ. ಆದರೆ ಅದನ್ನು ದೇಣಿಗೆಯ ವಹಿಯಲ್ಲಿ ದಿನಾಂಕ ಸಹಿತ ಬರೆದಿಡೋಣ. ತಪಾಸಣೆಗೆ ಬಂದವರಿಗೆ, ಇದು ಅನುದಾನದ ಪತ್ರಿಕೆಯಲ್ಲ, ಅನುದಾನ ಬಾರದ್ದರಿಂದ ಬಂದ ಪತ್ರಿಕೆ ಎಂದು ಆ ವಹಿ ತಿಳಿಸಲಿ.

ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಅನುಭವವನ್ನು ಇಲ್ಲಿ ಸ್ಮರಿಸುವುದು ಉಚಿತ. 2019ರಲ್ಲಿ ಅವುಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಮರುವರ್ಷವೇ ಮಹಾಮಾರಿ ಬಂದು ಶಾಲೆಗಳು ಮುಚ್ಚಿದವು. 2020ರ ನವೆಂಬರಿನಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮವನ್ನು ಆರಂಭಿಸಿ, ಹಳ್ಳಿಯ ಮಕ್ಕಳಿಗೆ ಈ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವವನ್ನು ನೀಡಲಾಯಿತು. ಲಕ್ಷಾಂತರ ಮಕ್ಕಳು ಹೆಸರು ನೋಂದಾಯಿಸಿದರು. ಪುಸ್ತಕಗಳು ಸಾಲದಾದಾಗ 'ಪುಸ್ತಕ ಜೋಳಿಗೆ' ಹಿಡಿದು ಮನೆಮನೆಯಿಂದ ಸಂಗ್ರಹಿಸಿದರು. ಜೋಳಿಗೆ ಎಂಬ ಪದ ಗೊರವರನ್ನು ಬಲ್ಲ ನಮಗೆ ಹತ್ತಿರದ್ದು. ಆದರೂ ಅನುಭವಸ್ಥ ಗ್ರಂಥಪಾಲಕರ ಮಾತನ್ನು ಹೇಳಿಬಿಡುತ್ತೇನೆ: ದಾನವಾಗಿ ಬರುವ ಪುಸ್ತಕಗಳಲ್ಲಿ ಹಳೆಯ ಪಠ್ಯಕ್ರಮದ ಗೈಡುಗಳೂ ಬದಲಾದ ಪಂಚಾಂಗಗಳೂ ಬಹಳ. ದಾನ ಮಾಡುವವರು, ತಮ್ಮ ಮನೆಯ ಮಗುವಿಗೆ ಈ ಪುಸ್ತಕವನ್ನು ಕೊಡುತ್ತಿದ್ದೆವೆ ಎಂದು ಒಮ್ಮೆ ಕೇಳಿಕೊಂಡರೆ ಕಪಾಟಿನ ಭಾರ ಎಷ್ಟೋ ಇಳಿಯುತ್ತದೆ.

ಕಡಿಮೆ ಹಣದಲ್ಲಿ ಮಾಡಬಹುದಾದುದು ಇಲ್ಲವೆಂದಲ್ಲ. 1931ರಲ್ಲಿ ತಂಜಾವೂರು ಸೀಮೆಯ ಮನ್ನಾರಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳನ್ನು ಹೇರಿಕೊಂಡು ಹಳ್ಳಿಗಳಿಗೆ ಹೋದರು. ರಂಗನಾಥನ್ ಅವರ ಪ್ರೇರಣೆ ಅದರ ಹಿಂದಿತ್ತು. ನಾಲ್ಕು ಬಡ ಗ್ರಂಥಾಲಯಗಳು ತಮ್ಮ ತಮ್ಮ ಪುಸ್ತಕಗಳ ಒಂದೊಂದು ಪೆಟ್ಟಿಗೆಯನ್ನು ಮೂರು ತಿಂಗಳಿಗೊಮ್ಮೆ ಅದಲು ಬದಲು ಮಾಡಿಕೊಂಡರೆ, ಒಂದು ಪೈಸೆಯ ಖರೀದಿಯಿಲ್ಲದೆ ಓದುಗನಿಗೆ ವರ್ಷದಲ್ಲಿ ಮೂರು ಬಾರಿ ಹೊಸ ಪುಸ್ತಕ ಕಾಣುತ್ತದೆ. ಗಡಿಯ ಕನ್ನಡ ಹಳ್ಳಿಗಳಿಗೆ ಇದು ವಿಶೇಷವಾಗಿ ಒಗ್ಗುತ್ತದೆ. ಒಂದು ಕನ್ನಡ ಪೆಟ್ಟಿಗೆ ಜತ್ತದಿಂದ ಅಕ್ಕಲಕೋಟೆಗೆ ಹೋಗಿ ಬರಲು ಬಸ್ಸಿನ ಲಗೇಜಿನ ಖರ್ಚು ಸಾಕು.

ಕೊನೆಯದಾಗಿ ಎರಡು ಕೆಲಸಗಳನ್ನು ತಮ್ಮಿಂದ ಅಪೇಕ್ಷಿಸುತ್ತೇನೆ. ಕರ್ನಾಟಕದಿಂದ ಬಂದವರು ಊರಿಗೆ ಮರಳಿದ ಮೇಲೆ ಆಸ್ತಿ ತೆರಿಗೆಯ ರಸೀದಿಯನ್ನು ತೆಗೆದು ನೋಡಿ. ಗ್ರಂಥಾಲಯ ಉಪಕರವೆಂಬ ಸಾಲು ಅದರಲ್ಲಿರುತ್ತದೆ. ಹಿಂದಿನ ಮೂರು ವರ್ಷಗಳಲ್ಲಿ ತಮ್ಮ ಸ್ಥಳೀಯ ಸಂಸ್ಥೆ ಈ ಬಾಬಿನಲ್ಲಿ ಎಷ್ಟು ವಸೂಲು ಮಾಡಿತು, ಅದರಲ್ಲಿ ಎಷ್ಟನ್ನು ಗ್ರಂಥಾಲಯಕ್ಕೆ ಸಲ್ಲಿಸಿತು ಎಂಬ ಎರಡೇ ಪ್ರಶ್ನೆಗಳನ್ನು 2005ರ ಮಾಹಿತಿ ಹಕ್ಕು ಅಧಿನಿಯಮದ ಮೇರೆಗೆ ಲಿಖಿತವಾಗಿ ಕೇಳಬಹುದು. ಅರ್ಜಿಯ ಶುಲ್ಕ 10 ರೂಪಾಯಿ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ದೊರೆಯಬೇಕು. ಮಹಾರಾಷ್ಟ್ರದವರು ತಮ್ಮ ಊರಿನ ಗ್ರಂಥಾಲಯದ ವಾರ್ಷಿಕ ಸಭೆಗೆ ಹಾಜರಾಗಿ, ಅನುದಾನದ ಕಂತುಗಳು ಯಾವ ತಿಂಗಳಲ್ಲಿ ಕೈಸೇರಿದವು ಎಂಬುದನ್ನು ಕೇಳಿ ತಿಳಿಯಿರಿ. ಮಾರ್ಚಿಯ ಕೊನೆಗೆ ಬಂದ ಹಣಕ್ಕೂ ಜೂನಿನಲ್ಲಿ ಬಂದ ಹಣಕ್ಕೂ ಬಹಳ ಅಂತರವಿದೆ. ಮೊದಲನೆಯದರಲ್ಲಿ ಸಿಕ್ಕ ಪುಸ್ತಕವನ್ನು ಕೊಳ್ಳುತ್ತಾರೆ, ಎರಡನೆಯದರಲ್ಲಿ ಬೇಕಾದ ಪುಸ್ತಕವನ್ನು ಆರಿಸುತ್ತಾರೆ.

ಇನ್ನೊಂದು, ಗ್ರಂಥಾಲಯಕ್ಕೆ ಹೋದಾಗ ಬಾಗಿಲ ಬಳಿಯ ಹಾಜರಿ ವಹಿಯಲ್ಲಿ ಸಹಿ ಮಾಡಿ. ಪತ್ರಿಕೆಯ ಮೇಲೆ ಕಣ್ಣಾಡಿಸಲು ಹೋಗಿದ್ದರೂ ಮಾಡಿ, ಜೊತೆಗೆ ಬಂದ ಮಗುವಿನ ಕೈಯಿಂದಲೂ ಮಾಡಿಸಿ. ಮುಂದಿನ ವರ್ಷದ ಅನುದಾನದ ಕಡತದಲ್ಲಿ ಓದುಗರ ಪರವಾಗಿ ಮಾತನಾಡುವುದು ಆ ವಹಿಯೊಂದೇ.

ಚಂಪಾಷಷ್ಠಿ ಸಮೀಪಿಸುತ್ತಿದೆ, ಬೆಟ್ಟ ಹತ್ತುವ ಅವಸರ ತಮಗಿದೆ.